ಕಲಿಸುವ ಕಾರು

ಪ್ರಾಣಿಗಳ ಆಸ್ಪತ್ರೆಯ ಬೋನಿನಲ್ಲಿ ಇದ್ದಷ್ಟು ದಿನವೂ ಮುದುಕಿ ಎಂಬ ಹೆಸರಿನ ನಮ್ಮ ನಾಯಿ ನಿದ್ದೆಯನ್ನೇ ಮಾಡಲಿಲ್ಲ.

"ವಯಸ್ಸಾಗಿದೆ ಮೇಡಂ, ಆಸೆ ಬಿಡಿ," ಎಂದರು ಡಾಕ್ಟರು.

"ಆಸೆ ನಾನು ನೋಡ್ಕೋತೀನಿ. ನೀವು ಔಷಧಿ ಕೊಡಿ," ಎಂದು ಅವಳನ್ನು ಎತ್ತಿಕೊಂಡು ಹೊರಟೆ.

ನಾನು ಡ್ರೈವಿಂಗ್ ಕಲಿಸುವವಳು. ಮರಿಯಾಗಿದ್ದಾಗಿನಿಂದಲೂ ಮುದುಕಿಯ ಹಗಲು ನಿದ್ದೆಯೆಲ್ಲ ನನ್ನ ಕಾರಿನ ಹಿಂದಿನ ಸೀಟಿನಲ್ಲೇ. ಅಂದು ನಾನು ಅವಳ ಪಕ್ಕ ಕೂತೆ, ನನ್ನ ತಮ್ಮ ಸ್ಟೇರಿಂಗ್ ಹಿಡಿದ. ರೋಗಿ ಇದ್ದಾಳೆಂದು, ತುಂಬಿದ ಎಣ್ಣೆ ಬಟ್ಟಲು ಹೊತ್ತವನಂತೆ ನಯವಾಗಿ ಓಡಿಸಿದ. ಮುದುಕಿ ನರಳುತ್ತಲೇ ಇದ್ದಳು.

ಸಿಗ್ನಲ್ ಬಳಿ ಅವನು ಕ್ಲಚ್ ಬೇಗ ಬಿಟ್ಟ. ಕಾರು ಜಗ್ಗಿ ನಿಂತಿತು. ನರಳಾಟವೂ ನಿಂತಿತು. ನನ್ನ ಶಿಷ್ಯರ ಕೈಯಲ್ಲಿ ಕಾರು ಕುಲುಕುವುದೇ ಅವಳಿಗೆ ತೊಟ್ಟಿಲು ಎಂದು ಆಗ ಹೊಳೆಯಿತು.

"ಹಾಗೇ ಓಡಿಸು," ಎಂದೆ.

"ಹೇಗೆ?"

"ಕಲಿಯೋಕೆ ಬಂದ ಮೊದಲ ದಿನ ಓಡಿಸಿದ್ಯಲ್ಲ, ಹಾಗೆ."

"ಅಕ್ಕ, ಮಾನ ಹೋಗುತ್ತೆ."

"ಹೋದ್ರೆ ಹೋಗ್ಲಿ."

ಕಾರು ಕುಪ್ಪಳಿಸುತ್ತಾ ಹೊರಟಿತು. ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ ಬಾಯಿಗೆ ಬಂದಂತೆ ಬೈದ. ನಾನೂ ಕಿಟಕಿ ಇಳಿಸಿದೆ.

"ಮೆಲ್ಲಗೆ ಬಯ್ರಿ," ಎಂದೆ. "ಈಗಷ್ಟೇ ನಿದ್ದೆ ಹತ್ತಿದೆ."