ವಾಲ್ವ್ ಬಿಸಿಯಾಗುವ ಮುನ್ನ

ಫ್ಯಾನ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ತಿರುಗುವ ಮೋಟಾರಿನ ಪಕ್ಕ ತಲೆ ಬಾಗಿಸಿ, ಬೇರಿಂಗು ಚೂರು ಕರಕರ ಅಂದರೂ ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಆ ಚೀಟಿಗೆ ಎದುರಾಡಿದವರಿಲ್ಲ. ಹೋದ ವಾರ ಮಾತ್ರ ಅವಳು ಪಾಸು ಮಾಡಿದ್ದ ಮೂರು ಫ್ಯಾನು ಸದ್ದು ಮಾಡುತ್ತವೆಂದು ವಾಪಸು ಬಂದವು. "ನಿಮ್ಮತ್ತಿಗೆಯ ಕಿವಿ ಮೊದಲಿನ ಹಾಗಿದೆಯೇನಯ್ಯಾ, ನೋಡಿ ಹೇಳು," ಎಂದು ಮ್ಯಾನೇಜರು ಅವಳ ಮೈದುನನನ್ನು ಕೇಳಿದ ಸುದ್ದಿ ಸಂಜೆಯೊಳಗೆ ಅವಳಿಗೂ ತಲುಪಿತು. ಮೈದುನ ಅದೇ ವಿಭಾಗದ ಸೂಪರ್‌ವೈಸರು.

ಅಂಥದ್ದರಲ್ಲಿ ರಜೆಯ ದಿನ ಮೈದುನ ಬಂದ. "ಅತ್ತಿಗೆ, ಹೆಡ್‌ಫೋನಿಗೆ ಒಂದು ವಾಲ್ವ್ ಆಂಪ್ಲಿಫೈಯರ್ ತಗೋಬೇಕು. ನಂಗೆ ಎಲ್ಲಾ ಒಂದೇ ಥರ ಕೇಳುತ್ತೆ. ನೀವೇ ಬಂದು ಆರಿಸಿಕೊಡಿ."

ಇದು ತನ್ನ ಕಿವಿಗಿಟ್ಟ ಪರೀಕ್ಷೆಯೇ ಸರಿ ಎಂದುಕೊಂಡಳು ಅವಳು. ಪಾಪ, ಆ ಹುಡುಗನಿಗೆ ಹಾಡಿನ ಹುಚ್ಚು ಬಿಟ್ಟರೆ ಬೇರೆ ಯಾವ ತಂತ್ರವೂ ಗೊತ್ತಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಅದನ್ನು ಹೇಳುವವರು ಯಾರು?

ಅಂಗಡಿ ಮಹಡಿಯ ಮೇಲಿನ ಒಂದೇ ಕೋಣೆ, ತುಂಬ ಬೆಸುಗೆಯ ವಾಸನೆ. ಮೇಜಿನ ಮೇಲೆ ಎರಡು ಆಂಪ್ಲಿಫೈಯರು, ಒಂದೊಂದರ ನೆತ್ತಿಯ ಮೇಲೂ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಎರಡೆರಡು ಗಾಜಿನ ವಾಲ್ವು. ಅಂಗಡಿಯವನು ಅವಳ ತಲೆಗೆ ಹೆಡ್‌ಫೋನು ಸಿಕ್ಕಿಸಿದ.

"ಶುರುವಿನಲ್ಲೇ ಒಂದು ಕೊಳಲು ಬರುತ್ತೆ ಅತ್ತಿಗೆ, ತುಂಬಾ ಸಣ್ಣಗೆ. ಅದನ್ನ ಕೇಳಿ," ಎಂದ ಮೈದುನ.

ಅಂಗಡಿಯವನು ಮೊದಲನೆಯದರ ಸ್ವಿಚ್ಚು ಒತ್ತಿದ. ಅವಳಿಗೆ ಏನೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದಳು, ಕಣ್ಣು ಮುಚ್ಚಿದಳು, ಆದರೂ ಇಲ್ಲ. ಮೈದುನ ತನ್ನನ್ನೇ ನೋಡುತ್ತಿದ್ದಾನೆ ಎನ್ನಿಸಿತು. ಹೋಯಿತು, ಕೆಲಸವೂ ಹೋಯಿತು, ಹೆಸರೂ ಹೋಯಿತು.

"ಆಹಾ!" ಎಂದಳು ತಲೆದೂಗುತ್ತಾ. "ಕೊಳಲು ಎಷ್ಟು ಚೆನ್ನಾಗಿ ಕೇಳ್ತಿದೆ!"

ಅಂಗಡಿಯವನು ಹೆಡ್‌ಫೋನಿನ ಒಂದು ಕಡೆಯನ್ನು ಮೆತ್ತಗೆ ಎತ್ತಿದ. "ಅಮ್ಮಾ, ವಾಲ್ವ್ ಇನ್ನೂ ಬಿಸಿಯಾಗಿಲ್ಲ. ಅರ್ಧ ನಿಮಿಷ ಏನೂ ಬರಲ್ಲ."

ಮೈದುನ ತಟ್ಟನೆ ನೆಲ ನೋಡತೊಡಗಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಕೊಳಲು ಬಂತು. ಸ್ವರಕ್ಕೆ ಮೊದಲು ನುಡಿಸುವವನು ಎಳೆದುಕೊಂಡ ಉಸಿರು ಕೂಡ ಕೇಳಿಸಿತು. ಎಡಗಿವಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಸಣ್ಣದೊಂದು ಗುಂಯ್ ಎನ್ನುವ ಸದ್ದೂ ಇತ್ತು.

"ಈಗ ಬಂತು! ನಿಜವಾಗ್ಲೂ ಬಂತು ಕಣೋ!"

"ಹೂಂ ಅತ್ತಿಗೆ," ಎಂದ ಮೈದುನ, ಜ್ವರ ಬಂದವರನ್ನು ಸಮಾಧಾನ ಮಾಡುವಂತೆ.

ಎರಡನೆಯದನ್ನೂ ಪೂರ್ತಿ ಕೇಳಿದಳು. "ಇದೇ ಇರಲಿ. ಅದರಲ್ಲಿ ಎಡಗಡೆ ಗುಂಯ್ ಅನ್ನುತ್ತೆ."

ಮೈದುನ ಹೆಡ್‌ಫೋನು ಹಾಕಿಕೊಂಡು ಮೊದಲನೆಯದನ್ನು ಕೇಳಿದ. ಅವನಿಗೇನೂ ತಿಳಿಯಲಿಲ್ಲ. ಅದನ್ನು ಅಂಗಡಿಯವನ ಕಡೆ ಚಾಚಿ, "ನೀವೊಂದ್ಸಲ ನೋಡಿ," ಎಂದ. ಅಂಗಡಿಯವನು ಬಹಳ ಹೊತ್ತು ಕೇಳಿ ಬೆರಗಾದ. "ಹೌದಲ್ಲಾ! ನಂಗೇ ಗೊತ್ತಾಗಿರ್ಲಿಲ್ಲ. ಏನು ಕಿವಿಯಮ್ಮಾ ನಿಮ್ದು!"

ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಎರಡನೆಯದನ್ನು ಕಟ್ಟಿಸಿಕೊಂಡು ಮೆಟ್ಟಿಲಿಳಿಯುವಾಗ ಅವಳೇ ಮುಂದೆ.

ಕೊನೆಯ ಮೆಟ್ಟಿಲಿನಲ್ಲಿ ಮೈದುನ ನಿಂತ. "ನಿಮ್ಮ ಕಿವಿ ಬಗ್ಗೆ ನಂಗೆ ಅನುಮಾನ ಇಲ್ಲ ಅತ್ತಿಗೆ. ಆದ್ರೆ ಕೇಳಿಸ್ದೇ ಇದ್ರೂ ಕೇಳಿಸ್ತು ಅಂದ್ರಲ್ಲ…" ಡಬ್ಬಿಯನ್ನು ಕೈ ಬದಲಿಸಿಕೊಂಡ. "ನಾಳೆಯಿಂದ ಮೋಟಾರುಗಳನ್ನ ನೀವು ಕೇಳಿದ್ಮೇಲೆ ಇನ್ನೊಬ್ರೂ ಒಂದ್ಸಲ ಕೇಳ್ಲಿ ಬಿಡಿ."

ಅವಳಿಗೆ ನೋವಾಗದಿರಲೆಂದು ಅವನು ತೀರಾ ಮೆಲ್ಲಗೆ ಹೇಳಿದ್ದ. ಒಂದಕ್ಷರ ಬಿಡದೆ ಅವಳಿಗೆ ಕೇಳಿಸಿತು.