ಕಿಟಕಿಕಟ್ಟೆಯ ಮೇಲಿದ್ದ ಉಂಗುರ

ಬಚ್ಚಲಿನ ಕಿಟಕಿಕಟ್ಟೆಯ ಮೇಲೆ ಹಾಸಿದ್ದ ಬಿಳಿ ಬಟ್ಟೆ ಹಾಗೇ ಇತ್ತು. ತೊಳೆದು ಅದರ ಮೇಲೆ ಒಣಗಲು ಇಟ್ಟಿದ್ದ ಉಂಗುರ ಇರಲಿಲ್ಲ. ಕಂಡಕ್ಟರಮ್ಮ ಬಟ್ಟೆ ಕೊಡವಿದಳು, ಬಕೆಟ್ಟಿನ ಹಿಂದೆ ಬಗ್ಗಿ ನೋಡಿದಳು. ಖಾಕಿ ಶರ್ಟಿನ ಮೇಲೆ ಸೀಟಿ ತೂಗಾಡುತ್ತಿತ್ತು.

ಚಿಕ್ಕ ಮಗ ಹುಟ್ಟಿದ ಮೇಲೆ ಕೆಮ್ಮಿದರೆ, ನಕ್ಕರೆ, ಬಸ್ಸು ಕುಲುಕಿದರೆ ಮೂತ್ರ ಜಿನುಗುತ್ತಿತ್ತು. ಸೀಟಿ ಊದಿದರಂತೂ ಕೇಳುವುದೇ ಬೇಡ. ಅದಕ್ಕೇ ತುಟಿಯ ತುದಿಯಲ್ಲಿ ಊದುತ್ತಿದ್ದಳು. ಡ್ರೈವರಣ್ಣ ಅವಳಿಗೆ 'ಪಿಸುಮಾತು ಮೇಡಂ' ಎಂದು ಹೆಸರಿಟ್ಟಿದ್ದ. ಹೋದ ವಾರ ಬಸ್ಸು ಹಿಂದಕ್ಕೆ ತೆಗೆಯುವಾಗ ಅವಳ ಸೀಟಿ ಅವನಿಗೆ ಕೇಳಿಸದೆ ತಳ್ಳುಗಾಡಿಯೊಂದು ನಜ್ಜುಗುಜ್ಜಾಯಿತು. ಗಾಡಿಯವನು ಕೂದಲೆಳೆಯಲ್ಲಿ ಪಾರಾದ. "ನಾಳೆ ಮೊದಲನೇ ಟ್ರಿಪ್ಪಿಗೆ ನಾನೇ ಬಂದು ನೋಡ್ತೀನಿ. ವಿಶಲ್ ಕೇಳಿಸ್ಲಿಲ್ಲ ಅಂದ್ರೆ ನೀವು ಇನ್ನು ಬಸ್ ಹತ್ತೋದು ಬೇಡ," ಎಂದು ಡಿಪೋ ಸಾಹೇಬರು ನಿನ್ನೆ ಹೇಳಿಬಿಟ್ಟಿದ್ದರು.

ನಿನ್ನೆ ಸಂಜೆಯೇ ಆಸ್ಪತ್ರೆಗೆ ಹೋದಾಗ ಉಂಗುರ ಕೊಟ್ಟವಳು ಅಲ್ಲಿನ ನರ್ಸಕ್ಕ. ಹಿಚುಕಿದರೆ ಬಾಗುವ ಮೆತ್ತನೆಯ ರಬ್ಬರ್ ಬಳೆಯಂಥದು, ಒಂದು ಕಡೆ ಉಬ್ಬಿದ ಗುಬುಟು. "ಯೋನಿಯೊಳಗೆ ಸರಿಯಾಗಿ ಕೂತ್ರೆ ಈ ಗುಬುಟು ಮೂತ್ರನಾಳಕ್ಕೆ ಆಸರೆ ಕೊಡುತ್ತೆ. ತೆಗೆದು ಸೋಪು ಹಾಕಿ ತೊಳೆದು ಮತ್ತೆ ಇಟ್ಕೋ. ನಾಚ್ಕೋಬೇಡಮ್ಮ," ಎಂದಿದ್ದಳು. ಹಾಕಿಕೊಂಡು ಮನೆಯಲ್ಲಿ ಬೇಕೆಂದೇ ಕೆಮ್ಮಿ ನೋಡಿದ್ದಳು. ಒಂದು ಹನಿ ಬಿದ್ದಿರಲಿಲ್ಲ. ಆದರೂ ಗಂಡನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಗಂಡ! ನಲ್ಲಿ ರಿಪೇರಿ ಅವನ ಕಸುಬು. ಎಲ್ಲಿ ರಬ್ಬರಿನ ಉಂಗುರ ಕಂಡರೂ ತನ್ನದೇ ವಾಷರ್ ಎಂದು ಚೀಲಕ್ಕೆ ಹಾಕಿಕೊಳ್ಳುವ ಚಾಳಿ. ಅವರ ಕುಕ್ಕರಿನ ವಾಷರ್ ಈಗಲೂ ಯಾರದೋ ಟ್ಯಾಂಕಿನಲ್ಲಿತ್ತು.

ಪ್ಯಾಂಟು ಏರಿಸಿಕೊಂಡು ಮೆಟ್ಟಿಲಿಗೆ ಓಡಿದಳು. ಕೆಳಮನೆಯ ಅಜ್ಜಿಯ ಅಂಗಳದಲ್ಲಿ ಅವನು ಕುಕ್ಕುರುಗಾಲಲ್ಲಿ ಕೂತಿದ್ದ. ಒಡೆದ ಪೈಪಿನಿಂದ ನೀರು ಭೋರೆನ್ನುತ್ತಿತ್ತು.

"ಎಂಥಾ ಮಾಲು ನೋಡಿ ಅಜ್ಜಿ! ಈ ಗುಬುಟು ಒಂದು ಕುಯ್ದು ಎಸೆದ್ರೆ ನಿಮ್ಮ ಪೈಪಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತೆ."

"ಕುಯ್ಯಪ್ಪ, ಬೇಗ ಕುಯ್ಯಿ. ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು."

"ರೀ..." ಎಂದಳು. ನೀರಿನ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಅವನು ಬ್ಲೇಡು ಬಿಚ್ಚಿ ಗುಬುಟಿನ ಬುಡಕ್ಕೆ ಇಟ್ಟ.

ಅವಳು ಸೀಟಿ ಬಾಯಿಗಿಟ್ಟು, ಇದ್ದಬದ್ದ ಉಸಿರೆಲ್ಲ ಸೇರಿಸಿ ಊದಿದಳು.

ಬ್ಲೇಡು ನಿಂತಿತು. ಅವಳ ತೊಡೆಯ ಸಂದಿನಲ್ಲಿ ಬೆಚ್ಚಗೆ ಇಳಿಯಿತು.

"ಏನೇ ಇದು, ಮನೇಲೂ ವಿಶಲ್ಲಾ?" ಎಂದು ನಗುತ್ತ ತಲೆಯೆತ್ತಿದವನು ಅವಳ ಖಾಕಿಯ ಮೇಲೆ ಹರಡುತ್ತಿದ್ದ ಒದ್ದೆ ಕಂಡು ನಗು ನಿಲ್ಲಿಸಿದ.

"ಅದು ವಾಷರ್ ಅಲ್ಲ. ನಂದು."

"ನಿಂದಾ? ಯಾತಕ್ಕೆ?"

ಅಜ್ಜಿಯೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಕುಕ್ಕರಿನದು ಎಂದುಬಿಡಬಹುದಿತ್ತು. ಎಂದರೆ, ಬೇರೆ ತರ್ತೀನಿ ಬಿಡೇ ಎಂದು ಅವನು ಕುಯ್ದೇಬಿಡುತ್ತಿದ್ದ.

"ಒಳಗೆ ಇಟ್ಕೊಳ್ಳೋದು. ಇದಕ್ಕೆ," ಎಂದು ಒದ್ದೆ ಪ್ಯಾಂಟು ತೋರಿಸಿದಳು. "ಆಸ್ಪತ್ರೇಲಿ ಕೊಟ್ರು."

"ಯಾವಾಗಿಂದ?"

"ಚಿಕ್ಕವನು ಹುಟ್ಟಿದಾಗಿಂದ."

ಅವನು ಬ್ಲೇಡು ಮಡಚಿ ಕೆಳಗಿಟ್ಟ.

"ಏನೋ ಹಾಗೆ ಕೂತೆ?" ಅಜ್ಜಿ ಗದರಿದಳು. "ಊರ ನಲ್ಲಿಗೆಲ್ಲ ಡಾಕ್ಟ್ರು, ಮನೆ ಸುದ್ದಿ ಗೊತ್ತಿಲ್ಲ! ಏಳು, ಅದನ್ನ ತೊಳೆದು ಕೊಡು. ನನ್ನ ಪೈಪು ಸೋರಿದ್ರೆ ಸೋರಲಿ."

ಅವನು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದ. ಉಂಗುರವನ್ನೂ ತೊಳೆದು, ಗುಬುಟಿನ ಬುಡದಲ್ಲಿ ಬೆರಳಾಡಿಸಿ ನೋಡಿದ. "ಗೀರು ಬಿದ್ದಿಲ್ಲ," ಎಂದು ಅವಳ ಕೈಗಿಟ್ಟ.

ನಿಲ್ದಾಣದಲ್ಲಿ ಡಿಪೋ ಸಾಹೇಬರು ಕೈ ಕಟ್ಟಿಕೊಂಡು ಮುಂದಿನ ಬಾಗಿಲಲ್ಲಿ ನಿಂತರು. ಡ್ರೈವರಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿ, ಕಿವಿಗೆ ಕೈ ಅಡ್ಡ ಹಿಡಿದು ಅಣಕಿಸಿದ. ಅವಳು ಬಸ್ಸಿನ ಹಿಂದೆ ಹೋಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಹೊಟ್ಟೆತುಂಬ ಉಸಿರೆಳೆದು ಊದಿದಳು. ಪಕ್ಕದ ಬಸ್ಸಿನಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿ ಎದ್ದು ಕೂತ. ಮತ್ತೆ ಊದಿದಳು, ಬಸ್ಸು ಮೆಲ್ಲಗೆ ಹಿಂದಕ್ಕೆ ಬಂದಿತು.

ಆಮೇಲೆ ತಲೆ ಬಗ್ಗಿಸಿ ನೋಡಿಕೊಂಡಳು. ಅವಳು ಉಂಗುರ ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಾಗ ಗಂಡ ಇನ್ನೊಂದು ಖಾಕಿ ಪ್ಯಾಂಟು ಹುಡುಕಿ ಇಸ್ತ್ರಿ ಹಾಕಿ ಇಟ್ಟಿದ್ದ. ತೊಡೆಯಿಂದ ಪಾದದವರೆಗೆ ಒಂದು ಹನಿಯೂ ಬೀಳದ ಒಣ ಬಟ್ಟೆಯ ಮೇಲೆ, ಅವನು ಹಾಕಿದ ಇಸ್ತ್ರಿ ಗೆರೆ ಸೊಟ್ಟಸೊಟ್ಟಗೆ ಇಳಿದಿತ್ತು.