ಗಂಡು ತೊಟ್ಟಿ, ಹೆಣ್ಣು ತೊಟ್ಟಿ

"ಮೀನು ಸಾಕೋದಕ್ಕೆ ಒಂದು ಪರವಾನಗಿ, ಮರಿ ಮಾಡಿಸೋದಕ್ಕೆ ಇನ್ನೊಂದು. ನಿಮ್ಮ ಹತ್ರ ಇರೋದು ಸಾಕೋದು ಮಾತ್ರ," ಎಂದ ಗುಮಾಸ್ತ, ಕಿಟಕಿಯ ಆಚೆಯಿಂದ.

"ನಾವೇನೂ ಮಾಡಿಸಲ್ಲ ಸಾರ್. ಅವೇ ಮಾಡ್ಕೊಳ್ತವೆ," ಎಂದಳು ಟೈಲರನ ಹೆಂಡತಿ.

"ಹಾಗಾದ್ರೆ ಅವನ್ನೇ ಕಳಿಸಿ, ಅರ್ಜಿ ಬರ್ಕೊಡ್ಲಿ."

ಸಾಲಿನಲ್ಲಿ ನಿಂತವರು ನಕ್ಕರು. ಹೆಂಡತಿಯ ಭುಜ ಹಿಡಿದು ನಿಂತಿದ್ದ ಟೈಲರ್ ನಗು ಬಂದ ದಿಕ್ಕಿಗೆ ಮುಖ ತಿರುಗಿಸಿ ತಾನೂ ಸ್ವಲ್ಪ ನಕ್ಕ. ಕಚೇರಿಗಳಲ್ಲಿ ಹಾಗೆ ಮಾಡುವುದು ಒಳ್ಳೆಯದೆಂದು ಅವನ ತಿಳಿವಳಿಕೆ.

ಅವನ ಕಣ್ಣು ಒಂದೇ ಸಲಕ್ಕೆ ಕೈಕೊಟ್ಟಿರಲಿಲ್ಲ. ಮೊದಲು ಕಾಜಾ ಹೊಲಿಯುವುದು ನಿಂತಿತು, ಆಮೇಲೆ ಕಪ್ಪು ಬಟ್ಟೆ, ಆಮೇಲೆ ಅಂಗಡಿಯೇ. ಮನೆಯ ಹಿಂದೆ ಎರಡು ಸಿಮೆಂಟ್ ತೊಟ್ಟಿ ಕಟ್ಟಿಸಿ ಗೆಂಡೆ ಮೀನು ಬಿಟ್ಟರು. ಅಷ್ಟು ಜಾಗದಲ್ಲಿ ದೊಡ್ಡ ಮೀನು ಬೆಳೆಸಿದರೆ ಹೊಟ್ಟೆ ತುಂಬದು. ಮರಿ ಮಾರಿದರಷ್ಟೇ ಬದುಕು. ಈಗ ಹೆಣ್ಣುಗಳ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿತ್ತು. ಈ ಬಾರಿ ತಪ್ಪಿದರೆ ಮುಂದಿನ ವರ್ಷ. ಅಲ್ಲಿಯವರೆಗೆ ಏನು ತಿನ್ನುತ್ತೀರಿ ಎಂಬ ಪ್ರಶ್ನೆ ಅರ್ಜಿಯಲ್ಲಿರಲಿಲ್ಲ.

ಕೊನೆಯಲ್ಲಿ ಜಾಗ ಉಳಿದಿದೆಯಲ್ಲ ಎಂದು ಅವಳೇ ಒಂದು ಸಾಲು ಸೇರಿಸಿದ್ದಳು: ‘ಮೀನುಗಳು ತುಂಬು ಬಸುರಿಯರು, ದಯವಿಟ್ಟು ಬೇಗ ಮಾಡಿಕೊಡಿ.’ ಬಸುರಿ ಎಂದರೆ ಬಸ್ಸಿನಲ್ಲೂ ಜನ ಎದ್ದು ಜಾಗ ಬಿಡುತ್ತಾರೆ. ಗುಮಾಸ್ತ ಆ ಸಾಲನ್ನು ಎರಡು ಸಲ ಓದಿದ.

"ಅಲ್ಲಮ್ಮ, ಪರವಾನಗಿ ಇಲ್ದೆ ಗಂಡು ಹೆಣ್ಣು ಒಟ್ಟಿಗೆ ಬಿಟ್ಟಿದ್ದೀವಿ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ!"

ಮರುದಿನವೇ ಇನ್ಸ್‌ಪೆಕ್ಟರ್ ಬಂದ. ಆ ಕಚೇರಿಯಿಂದ ಅಷ್ಟು ಬೇಗ ಯಾರೂ ಎಲ್ಲಿಗೂ ಹೊರಟ ದಾಖಲೆಯಿಲ್ಲ. ಕೆಟ್ಟ ಮನುಷ್ಯನಲ್ಲ, ತೊಟ್ಟಿಯ ಕಟ್ಟೆಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತ.

"ಒಂದು ಮರಿ ಕಂಡ್ರೂ ಎಲ್ಲಾ ಮೀನು ಜಪ್ತಿ ಮಾಡ್ಬೇಕಾಗತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಗಂಡು ಒಂದು ತೊಟ್ಟಿಗೆ, ಹೆಣ್ಣು ಇನ್ನೊಂದಕ್ಕೆ ಮಾಡ್ಬಿಡಿ. ನನ್ನ ಎದುರೇ."

"ಎಲ್ಲೀವರೆಗೆ ಸಾರ್?"

"ಪರವಾನಗಿ ಸಮಿತಿ ಕೂರೋವರೆಗೆ."

"ಯಾವಾಗ ಕೂರತ್ತೆ?"

"ಮೊದ್ಲು ಸಮಿತಿ ಆಗ್ಬೇಕಲ್ಲಮ್ಮ."

ಟೈಲರ್ ನೀರಿಗಿಳಿದ. ಒಂದೊಂದು ಮೀನನ್ನೂ ತೋಳಿನಲ್ಲಿ ಒತ್ತಿ ಹಿಡಿದು ಹೊಟ್ಟೆಯಡಿ ಹೆಬ್ಬೆರಳು ಸವರುತ್ತಿದ್ದ. ಹಾಲಿನಂಥದು ಜಿನುಗಿದರೆ ಗಂಡು. "ಗಂಡು," ಎಂದರೆ ಅವಳು ಒದ್ದೆ ಚೀಲದಲ್ಲಿ ಎತ್ತಿಕೊಂಡು ಪಕ್ಕದ ತೊಟ್ಟಿಗೆ ಬಿಡುತ್ತಿದ್ದಳು. ಮೊಟ್ಟೆ ಅಂಟಲೆಂದು ಅವನು ಗೋಣಿಚೀಲ ಬಿಚ್ಚಿ ಕಟ್ಟಿದ್ದ ನಾರಿನ ಗೊಂಚಲುಗಳು ಹೆಣ್ಣು ತೊಟ್ಟಿಯಲ್ಲೇ ಉಳಿದವು. ತೆಗೆಯಲು ಇನ್ಸ್‌ಪೆಕ್ಟರೂ ಹೇಳಲಿಲ್ಲ, ಗಂಡ ಹೆಂಡತಿಗೂ ಮನಸ್ಸಾಗಲಿಲ್ಲ.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ನೀರು ಬಡಿಯುವ ಸದ್ದಿಗೆ ಅವನು ಗೋಡೆ ಸವರುತ್ತಾ ಹಿತ್ತಿಲಿಗೆ ಬಂದ.

"ಇಟ್ವೇನೇ?"

"ಇಟ್ಟಿದಾವೆ. ನಾರಿನ ತುಂಬಾ."

"ಅವತ್ತು ಕೊನೆಗೆ ಬಂದ ಒಂದೆರಡು ನಂಗೆ ಸರಿಯಾಗಿ ತಿಳೀಲಿಲ್ಲ. ಕೈ ಮರಗಟ್ಟಿತ್ತು. ಒಂದು ಗಂಡಾದ್ರೂ ಈ ಕಡೆ ಉಳ್ಕೊಂಡಿರತ್ತೆ."

"ನೀವು ಎಲ್ಲಿ ತಪ್ಪೋದು, ರೀ."

"ಯಾಕೆ, ನಾನೇನು ತಪ್ಪಬಾರ್ದಾ? ಕುರುಡ ಕಣೇ ನಾನು! ಮರಿಯಾದ್ರೆ ಬಕೆಟ್ಟಲ್ಲಿ ಮನೆಯೊಳಗೆ ಇಟ್ಕೊಳ್ಳೋಣ. ಅಡಿಗೆಮನೆಗೆ ಯಾವ ಇನ್ಸ್‌ಪೆಕ್ಟರ್ ಬರ್ತಾನೆ?"

ಅಂಗಿ ಅರ್ಧ ಅಂಗುಲ ಬಿಗಿಯಾಯಿತೆಂದು ಯಾರಾದರೂ ಅಂದರೆ ಟೇಪು ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ ಈಗ ತನ್ನ ತಪ್ಪಿನ ಪರವಾಗಿ ವಾದಿಸುತ್ತಿದ್ದ. ಗಂಡು ಸೋಕಿದ ಮೊಟ್ಟೆ ಗಾಜಿನ ಹಾಗೆ ತಿಳಿಯಾಗಿ ಉಳಿಯುತ್ತದೆ, ಸೋಕದ್ದು ಮರುದಿನಕ್ಕೆ ಕೆಟ್ಟು ಬೆಳ್ಳಗಾಗುತ್ತದೆ. ಒಂದು ದಿನ ಕಾದರೆ ಆಯಿತು.

ಮರುದಿನ ಅವನು ಅವಳಿಗಿಂತ ಮೊದಲೇ ತೊಟ್ಟಿಯ ಹತ್ತಿರ ನಿಂತಿದ್ದ. ಅವಳು ಒಂದು ಗೊಂಚಲು ಎತ್ತಿದಳು.

"ಬಣ್ಣ ಹೇಳು."

"ಬಿಳಿ."

"ಎಂಥ ಬಿಳಿ?"

ಅವಳು ಗೊಂಚಲನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು.

"ಬಿಳೀಲಿ ಹತ್ತು ಥರ ಇರತ್ತೆ ಕಣೇ. ಹಾಲುಬಿಳಿನಾ? ಇಲ್ಲಾ ಸ್ವಲ್ಪ ಹಳದಿ ಹೊಡೆಯತ್ತಾ? ನೆರಳಲ್ಲಿ ಗೊತ್ತಾಗಲ್ಲ, ಬೆಳಕಿಗೆ ಹಿಡಿದು ನೋಡು."

ಅವಳು ಗೊಂಚಲನ್ನು ಬೆಳಕಿಗೆ ಹಿಡಿದಳು. ನೀರು ಮೊಣಕೈಗುಂಟ ಇಳಿದು ತೋಳನ್ನು ಒದ್ದೆ ಮಾಡಿತು. ಬಟ್ಟೆ ಆರಿಸುತ್ತಿರುವ ಗಿರಾಕಿಗೆ ಅವಸರ ಮಾಡಬಾರದು ಎಂಬಂತೆ, ಅವನು ತಲೆಯನ್ನು ಒಂದು ಕಡೆಗೆ ವಾಲಿಸಿ ಕಾಯುತ್ತಾ ನಿಂತ.